ಸ್ನ್ಯಾಪ್‌ಶಾಟ್‌ನಲ್ಲಿ ಸಿಗದ ದನಿ

ಕಂಡಕ್ಟರರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಒಂದೇ ಸಲ. ಮೈಕು ಕೆಲಸ ಮಾಡುತ್ತಿಲ್ಲವೆಂದು ನಮ್ಮ ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಮೇಡಂ ನನ್ನನ್ನು ಕೆಳಮಹಡಿಗೆ ಕರೆದಿದ್ದರು. ಹಿಂದೆ ಎಕ್ಸ್‌ರೇ ಫಿಲ್ಮುಗಳನ್ನು ಇಡುತ್ತಿದ್ದ ಸಣ್ಣ ಕೋಣೆ ಅದು. ಗೋಡೆಗೆಲ್ಲ ಸ್ಪಂಜು ಅಂಟಿಸಿ, ಒಂದು ಮೇಜು, ಎರಡು ಕುರ್ಚಿ ಹಾಕಿ ಅದನ್ನೇ ಧ್ವನಿಮುದ್ರಣದ ಕೋಣೆ ಮಾಡಿಕೊಂಡಿದ್ದರು. ಒಳಗೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಎತ್ತರದ ಮನುಷ್ಯರೊಬ್ಬರು ಕುಳಿತಿದ್ದರು. ನಾನು ಮೇಜಿನ ಕೆಳಗೆ ಬಗ್ಗಿ ವೈರು ತಿರುವುತ್ತಿದ್ದರೆ ಮೇಲಿಂದ ಜರಡಿಯಲ್ಲಿ ಮರಳು ಸೋಸಿದಂಥ ದನಿಯೊಂದು ಬಂತು.

"ಏನ್ರಿ, ನಿಮ್ಮ ಮೈಕಿಗೂ ಗಂಟಲ ಬ್ಯಾನಿ ಆಗೇತೇನು?"

ನಾನು ನಕ್ಕೆ. ಮೇಡಮ್ಮೂ ನಕ್ಕರು. ಆ ಮನುಷ್ಯರು ಖಾನಾಪುರ ಕಡೆಯ ಬಸ್ಸುಗಳಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ಊರು ಗುಂಜಿ. ಗಂಟಲಿನಲ್ಲಿ ಗಡ್ಡೆಯಾಗಿ, ರೇಡಿಯೇಷನ್ನಿನ ಕರೆಂಟು ಕೊಡಿಸಿ, ಹೋಯಿತೆಂದುಕೊಂಡಿದ್ದು ಮತ್ತೆ ಬಂದಿತ್ತು. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ನಮ್ಮ ಸರ್ಜನ್ ಹೇಳಿದ್ದರು. ತೆಗೆದ ಮೇಲೆ ಮೊದಲಿನ ದನಿ ಮರಳುವುದಿಲ್ಲ. ಅದಕ್ಕೇ ಮೇಡಂ ಇಂಥವರ ಮಾತುಗಳನ್ನು ಮೊದಲೇ ಮುದ್ರಿಸಿಕೊಳ್ಳುವ ಕೆಲಸ ಹಚ್ಚಿಕೊಂಡಿದ್ದರು. ದಿನಬಳಕೆಯ ಮಾತುಗಳು, ಮನೆಯವರಿಗೆ ಹೇಳಬೇಕೆನ್ನಿಸುವ ಮಾತುಗಳು. ಆಮೇಲೆ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆ ಮಾತು ಅವರದೇ ದನಿಯಲ್ಲಿ ಕೇಳುವಂತೆ ಮಾಡಿಕೊಡುತ್ತಿದ್ದರು. ಆಸ್ಪತ್ರೆ ಇದನ್ನು ಬೇಡವೆಂದಿರಲಿಲ್ಲ, ಬೇಕೆಂದೂ ಅಂದಿರಲಿಲ್ಲ. ಸ್ಪಂಜು ತಂದು ಅಂಟಿಸಿದ್ದೂ ಅವರೇ.

"ಕನ್ನಡದಾಗ ಹೇಳ್ಲ್ಯೋ, ಮರಾಠಿದಾಗ ಹೇಳ್ಲ್ಯೋ?" ಎಂದು ಕಂಡಕ್ಟರ್ ಕೇಳಿದರು. "ನಮ್ಮ ಮನ್ಯಾಗ ಮರಾಠಿ. ಹೊರಗ ಕನ್ನಡ. ಜಗಳಕ್ಕ ಎರಡೂ ಬೇಕು."

"ಎರಡೂ ಹೇಳ್ರಿ. ಜಗಳದ್ದೂ ಹೇಳ್ರಿ," ಎಂದರು ಮೇಡಂ.

ಅಂದು ಮೈಕಿನ ಪರೀಕ್ಷೆಗೆಂದು ಅವರು ಒಂದರಿಂದ ಇಪ್ಪತ್ತರವರೆಗೆ ಎಣಿಸಿದರು, ವಾರಗಳ ಹೆಸರು ಹೇಳಿದರು. ದನಿ ಬೇಗ ದಣಿಯುತ್ತಿತ್ತು. ಮುಖ್ಯವಾದದ್ದನ್ನು ಇನ್ನೊಂದು ದಿನ, ಆಪರೇಷನ್ನಿಗೆ ಬಂದು ಸೇರಿಕೊಂಡ ಮೇಲೆ ಬೆಳಿಗ್ಗೆಯ ಹೊತ್ತು ಮಾಡೋಣ, ಆಗ ಗಂಟಲು ಹಗುರಾಗಿರುತ್ತದೆ ಎಂದು ಮೇಡಂ ಹೇಳಿದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು ಕೇಳಿದರು.

"ಸರ್, ಇದು ಎಲ್ಲೂ ಹೋಗಂಗಿಲ್ಲಲ್ಲ? ನನ್ನ ಪೆನ್‌ಡ್ರೈವ್‌ದಾಗ ಒಂದ ಕಾಪಿ ಇಟ್ಕೊಳ್ಳಲ್ಯಾ?"

"ಬ್ಯಾಡ್ರಿ ಮೇಡಂ. ಪೇಷಂಟರದ್ದು ಏನೂ ಹೊರಗ ಹೋಗಬಾರದು ಅಂತ ನಾವ ರೂಲ್ ಮಾಡೇವಿ. ಮ್ಯಾಲ ತಾಸ ತಾಸಿಗೆ ಸ್ನ್ಯಾಪ್‌ಶಾಟ್ ಆಗ್ತಿರ್ತಾವ. ಏನರ ಆದ್ರ ಹಿಂದಕ್ಕ ಹೋಗಿ ತರಾಕ ಬರ್ತೈತಿ."

ಅವರು ಸರಿ ಎಂದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಕ್ಕೆ ಹೋಗಲು ಬರುತ್ತಿತ್ತು. ಹಿಂದಕ್ಕೆ ಹೋಗುವಾಗ ಏನನ್ನು ಬಿಟ್ಟು ಹೋಗಬೇಕಾಗುತ್ತದೆ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಮೇಲ್ಮಹಡಿಯ ತಂಪು ಕೋಣೆಯಲ್ಲಿ ಎರಡು ದೊಡ್ಡ ಸರ್ವರುಗಳೂ ಡಿಸ್ಕುಗಳಿಂದ ತುಂಬಿದ ಒಂದು ಸ್ಟೋರೇಜ್ ಪೆಟ್ಟಿಗೆಯೂ ಇವೆ. ಬಿಲ್ಲಿಂಗಿನದು, ಹೊರರೋಗಿಗಳಿಗೆ ಚೀಟಿ ಕೊಡುವುದು, ಲ್ಯಾಬಿನದು, ಮೇಡಮ್ಮಿನ ಧ್ವನಿಯದು ಎಂದು ಜನ ಬೇರೆ ಬೇರೆ ಯಂತ್ರಗಳೆಂದುಕೊಳ್ಳುವ ಎಲ್ಲವೂ ನಿಜಕ್ಕೂ ಆ ಸರ್ವರುಗಳ ಒಳಗೆ ನಡೆಯುವ ತೋರಿಕೆಯ ಯಂತ್ರಗಳು. ನಾವು ಅವನ್ನು ವರ್ಚುವಲ್ ಮಶೀನ್ ಎನ್ನುತ್ತೇವೆ. ಒಂದೊಂದು ಮಶೀನೂ ಸ್ಟೋರೇಜ್ ಪೆಟ್ಟಿಗೆಯ ಯಾವುದಾದರೂ ಒಂದು ಖಾನೆಯಲ್ಲಿ ಒಂದಿಷ್ಟು ಫೈಲುಗಳಾಗಿ ಕುಳಿತಿರುತ್ತದೆ. ಒಂದೇ ಖಾನೆಯಲ್ಲಿ ನಾಲ್ಕೈದು ಮಶೀನುಗಳು ಇರುವುದೂ ಉಂಟು.

ಪೆಟ್ಟಿಗೆ ತೆಗೆದುಕೊಳ್ಳುವ ಸ್ನ್ಯಾಪ್‌ಶಾಟ್ ಆ ಖಾನೆಯದು. ಒಳಗೆ ಯಾರಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ಬೇರೆ ಕಡೆ ತೆಗೆದಿಟ್ಟ ನಕಲೂ ಅಲ್ಲ. ಈ ಹೊತ್ತಿನಲ್ಲಿ ಖಾನೆಯೊಳಗೆ ಯಾವುದು ಎಲ್ಲಿತ್ತು ಎಂದು ಅದೇ ಪೆಟ್ಟಿಗೆ ಇಟ್ಟುಕೊಂಡ ನೆನಪು, ಅಷ್ಟೆ. ತೆಗೆದುಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಜಾಗವೂ ಹೆಚ್ಚು ಬೇಡ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಬೇರೆ ಕಟ್ಟಡದಲ್ಲಿ ಬೇರೆ ಪೆಟ್ಟಿಗೆ ಇಟ್ಟು ಪ್ರತಿ ಮಶೀನಿನ ನಿಜವಾದ ನಕಲನ್ನು ಅಲ್ಲಿಗೆ ಕಳಿಸುವ ವ್ಯವಸ್ಥೆ ಆಗಬೇಕೆಂದು ನಾನೇ ಹಿಂದೆ ಹೇಳಿದ್ದೆ. ಆಡಳಿತದವರು ನೋಡೋಣ ಎಂದಿದ್ದರು. ಸ್ನ್ಯಾಪ್‌ಶಾಟುಗಳು ಎರಡು ಮೂರು ಸಲ ಕೈ ಹಿಡಿದ ಮೇಲೆ ನಾನೂ ಕೇಳುವುದನ್ನು ಬಿಟ್ಟೆ.

ಕಂಡಕ್ಟರ್ ಆಪರೇಷನ್ನಿಗೆ ಬಂದು ಸೇರಿದ ಮರುದಿನ ಬೆಳಿಗ್ಗೆ ಮೇಡಂ ಅವರನ್ನು ಕೆಳಗಿನ ಕೋಣೆಗೆ ಕರೆದುಕೊಂಡು ಹೋದರು. ಅದೇ ಬೆಳಿಗ್ಗೆ ಮೇಲೆ ನನ್ನ ಬಿಲ್ಲಿಂಗ್ ಮಶೀನು ಕೆಟ್ಟು ಕುಳಿತಿತ್ತು. ಹೊರರೋಗಿಗಳ ವಿಭಾಗ ತೆರೆಯುವ ಮುಂಚೆ ಹಾಕಿದ್ದ ಒಂದು ಅಪ್‌ಡೇಟ್ ಅದಕ್ಕೆ ಹಿಡಿಸಿರಲಿಲ್ಲ. ಮೊದಮೊದಲು ನಿಧಾನವಾಯಿತು. ಹೊತ್ತು ಏರಿದಂತೆ ಪೂರ್ತಿ ನಿಂತೇ ಹೋಯಿತು. ಸರಿಪಡಿಸಲು ನೋಡಿದೆ, ಆಗಲಿಲ್ಲ. ಕೌಂಟರಿನ ಮುಂದೆ ಸಾಲು ಬೆಳೆದು ಮೆಟ್ಟಿಲಿನವರೆಗೆ ಬಂತು. ಬೈಲಹೊಂಗಲ, ಹುಕ್ಕೇರಿ, ಖಾನಾಪುರ ಕಡೆಯಿಂದ ಬೆಳಿಗ್ಗೆಯ ಬಸ್ಸಿಗೆ ಬಂದವರು ಗೋಡೆಗೆ ಒರಗಿ ಕುಳಿತಿದ್ದರು. ಆಡಳಿತಾಧಿಕಾರಿಗಳು ನನ್ನ ಕೋಣೆಗೇ ಬಂದರು.

"ಎಷ್ಟೊತ್ತ ಬೇಕ್ರಿ?"

"ಎರಡ ದಾರಿ ಅದಾವ ಸರ್. ಮುಂಜಾನಿ ಸ್ನ್ಯಾಪ್‌ಶಾಟ್ ಬಾಜೂಕ ತಗದು, ಅದರಾಗಿಂದ ಬಿಲ್ಲಿಂಗ್ ಅಷ್ಟ ಎತ್ತಿಕೊಂಡ ಬರಬೇಕಂದ್ರ ಸಂಜಿ ಆಗ್ತೈತಿ. ಜಾಗಾನೂ ಸಾಲಂಗಿಲ್ಲ, ಹಳೇವು ಅಳಸಬೇಕಾಗ್ತೈತಿ. ಇಡೀ ಖಾನೀನ ಹಿಂದಕ್ಕ ತಿರುಗಿಸಿದ್ರ ಹತ್ತ ಹದಿನೈದ ಮಿನಿಟ."

"ತಿರುಗಿಸ್ರಿ ಮತ್ತ."

"ಆ ಖಾನ್ಯಾಗ ಇದ್ದ ಬ್ಯಾರೇವೂ ಹಿಂದಕ್ಕ ಹೋಗ್ತಾವ ಸರ್."

"ಯಾವ ಅದಾವ?"

ಆ ಪ್ರಶ್ನೆಗೆ ನಾನು ಪರದೆ ನೋಡದೆ ಉತ್ತರ ಹೇಳಿದೆ. ಅಷ್ಟೇ ನಡೆದದ್ದು. ಬಿಲ್ಲಿಂಗು, ಚೀಟಿ ಕೊಡುವುದು, ಸಿಬ್ಬಂದಿಯ ಹಾಜರಿಯದು ಎಂದೆ. ಹಾಜರಿಯದು ಒಂದು ಬೆಳಗಿನದು ಹೋದರೆ ಯಾರೂ ಸಾಯುವುದಿಲ್ಲ ಎಂದು ಅವರು ಹೇಳಿದರು. ಚೀಟಿಯವರಿಗೆ ನಾನೇ ಫೋನ್ ಮಾಡಿ ನಿಲ್ಲಿಸಲು ಹೇಳಿದೆ. ಮೇಡಮ್ಮಿನ ಪುಟ್ಟ ಮಶೀನನ್ನು ಒಂದು ತಿಂಗಳ ಹಿಂದೆ, ಅದರ ಹಳೆಯ ಖಾನೆಯಲ್ಲಿ ಜಾಗ ಸಾಲದೆ, ಸದ್ಯಕ್ಕೆ ಇರಲಿ ಎಂದು ಇದೇ ಖಾನೆಗೆ ಸರಿಸಿದ್ದವನು ನಾನು. ಅದು ನನಗೆ ನೆನಪಾಗಲಿಲ್ಲ.

ಹಿಂದಕ್ಕೆ ತಿರುಗಿಸುವ ಮುಂಚೆ ಪೆಟ್ಟಿಗೆ ಒಂದು ಎಚ್ಚರಿಕೆ ತೋರಿಸಿತು. ಇದಾದ ಮೇಲಿನ ಸ್ನ್ಯಾಪ್‌ಶಾಟುಗಳೆಲ್ಲ ಅಳಿಯುತ್ತವೆ, ಮುಂದುವರಿಯಬೇಕೇ ಎಂದು. ಹೌದು ಎಂದು ಒತ್ತಿದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಬಿಲ್ಲಿಂಗ್ ಎದ್ದು ನಿಂತಿತು. ಅದರ ಡೇಟಾಬೇಸು, ಬರೆಯುತ್ತಿದ್ದ ಕೈಯನ್ನು ಯಾರೋ ತಟ್ಟನೆ ಹಿಡಿದಂತೆ ಅರ್ಧದಲ್ಲಿ ನಿಂತಿತ್ತು, ಅದನ್ನು ಸರಿ ಮಾಡಲು ಇನ್ನಷ್ಟು ಹೊತ್ತು ಹಿಡಿಯಿತು. ಸಾಲು ಕರಗಿತು. ಆಡಳಿತಾಧಿಕಾರಿಗಳು ಬೆನ್ನು ತಟ್ಟಿದರು. ಆಸ್ಪತ್ರೆಯ ವಾಟ್ಸ್ಆ್ಯಪ್ ಗುಂಪಿಗೆ ನಾನು ಹೀಗೆ ಬರೆದೆ: "ಎಲ್ಲಾ ಸಿಸ್ಟಮ್ ಚಾಲೂ ಆಗ್ಯಾವು. ಎಲ್ಲಾ ಸರಿ ಐತಿ." ಹೆಬ್ಬೆರಳುಗಳು ಬಂದವು. ಮೇಡಮ್ಮಿನದೂ ಒಂದು ಬಂತು. ಅವರು ಆ ಹೊತ್ತಿಗೆ ಮುದ್ರಣ ಮುಗಿಸಿ, ಮಶೀನು ಮುಚ್ಚಿ, ಮಾತು ಬಾರದ ಮಕ್ಕಳ ವಿಭಾಗದಲ್ಲಿದ್ದರು. ಎಲ್ಲ ಸರಿ ಇದೆ ಎಂದು ನಾನು ಬರೆದ ಮೇಲೆ ಅವರು ಮತ್ತೆ ತೆಗೆದು ನೋಡುವ ಅಗತ್ಯವೇನಿತ್ತು?

ಸಂಜೆ ನರ್ಸುಗಳ ಪ್ರಿಂಟರ್ ನೋಡಲು ಎರಡನೆಯ ಮಹಡಿಗೆ ಹೋಗಿದ್ದೆ. ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಕಂಡಕ್ಟರ್ ಕುಳಿತಿದ್ದರು. ಹೆಂಡತಿ ಸ್ಟೂಲಿನ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತಿದ್ದರು. ನನ್ನನ್ನು ಕಂಡು ಕಂಡಕ್ಟರ್ ಕೈ ಎತ್ತಿದರು, ಗಂಟಲು ಮುಟ್ಟಿ ತೋರಿಸಿದರು, ಆಮೇಲೆ ತುಟಿಯ ಮೇಲೆ ಬೆರಳಿಟ್ಟರು. ಗಂಟಲಿಗೆ ವಿಶ್ರಾಂತಿ ಎಂದು ಅರ್ಥವಾಯಿತು. ನಾನೂ ಕೈ ಎತ್ತಿ ನಕ್ಕು ಪ್ರಿಂಟರಿನ ಕಡೆ ಹೋದೆ. ಆಪರೇಷನ್ ಮಾರನೆಯ ಬೆಳಿಗ್ಗೆ ಇತ್ತು.

ಅವರ ಗಾಯ ಮಾಗಿ, ಮನೆಗೆ ಹೋಗಿ ಕೆಲವು ದಿನಗಳಾದ ಮೇಲೆ ಮೇಡಂ ನನ್ನ ಕೋಣೆಗೆ ಬಂದರು. ಫೋನಿಗೆ ಹಾಕಲು ಮಾತುಗಳನ್ನು ಕತ್ತರಿಸಬೇಕೆಂದು ಕುಳಿತಿದ್ದರಂತೆ.

"ಸರ್, ಎರಡನೇ ದಿನದ ಫೋಲ್ಡರ್ ಕಾಣವಲ್ದು. ಮೊದಲನೇ ದಿನದ್ದು ಐತಿ. ನಾ ಎಲ್ಲೆರ ಬ್ಯಾರೆ ಕಡೆ ಇಟ್ಟೇನೇನೋ, ನೋಡ್ರಿ ಸ್ವಲ್ಪ."

ತಪ್ಪು ತಮ್ಮದೇ ಇರಬೇಕು ಎಂಬ ದನಿಯಲ್ಲಿ ಕೇಳಿದರು. ನಾನು ಪರದೆ ತೆರೆದು ಅವರ ಮಶೀನು ಯಾವ ಖಾನೆಯಲ್ಲಿದೆ ಎಂದು ನೋಡಿದೆ. ಬಿಲ್ಲಿಂಗಿನದೇ ಖಾನೆ. ಅವರು ನನ್ನ ಮುಖ ನೋಡುತ್ತ ನಿಂತಿದ್ದರು.

"ಬಿಲ್ಲಿಂಗ್ ಕೆಟ್ಟ ದಿನಾ ಮಾಡಿದ್ರಿ ಏನ್ರಿ ರೆಕಾರ್ಡಿಂಗ್?"

"ಹೌದ್ರಿ. ಅವತ್ತ ಮುಂಜಾನಿ."

"ಹೋಗೇತ್ರಿ ಮೇಡಂ."

"ಹಿಂದಕ್ಕ ಹೋಗಿ ತರಾಕ ಬರ್ತೈತಿ ಅಂದಿದ್ರಿ ಅಲ್ಲ."

"ಹಿಂದಕ್ಕ ಹೋಗಿದ್ದಕ್ಕ ಹೋಗೇತಿ."

ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಆಮೇಲೆ ಒಂದು ಮಾತು ಹೇಳಿದರು. ತಮಗೆ ಹೆಚ್ಚು ಕಡಿಮೆ ಎಲ್ಲ ಮಾತೂ ನೆನಪಿದೆ, ಆದರೆ ಕೊನೆಯಲ್ಲಿ ಕಂಡಕ್ಟರ್, "ಬಾಯಾರ, ನೀವು ಸ್ವಲ್ಪ ಹೊರಗ ನಿಂದರ್ರಿ, ಇದು ನಮ್ಮ ಮನಿಯಾಕಿಗೆ ಹೇಳೂದೈತಿ," ಎಂದಿದ್ದರಂತೆ. ಮೇಡಂ ಹೊರಗೆ ನಿಂತಿದ್ದರು. ಅದರಲ್ಲಿ ಏನಿತ್ತೆಂದು ಅವರಿಗೆ ಗೊತ್ತಿಲ್ಲ.

ಪೆಟ್ಟಿಗೆ ಕೊಟ್ಟ ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದೆ. ಆ ಜಾಗದ ಮೇಲೆ ಇಷ್ಟು ದಿನದ ಬಿಲ್ಲುಗಳು ಬರೆದುಕೊಂಡು ಹೋಗಿವೆ, ಇನ್ನು ಸಿಗುವುದು ಕಷ್ಟ ಎಂದರು. ಆದರೂ ಖಾಲಿ ಜಾಗವನ್ನೆಲ್ಲ ಜಾಲಾಡುವ ಒಂದು ಸಾಫ್ಟ್‌ವೇರ್ ಹಾಕಿ ಎರಡು ದಿನ ಕುಳಿತೆವು. ಮುರಿದ ಚೂರುಗಳು ಸಿಕ್ಕವು. ಒಂದರಲ್ಲಿ ಕುರ್ಚಿ ಎಳೆದ ಸದ್ದು ಇತ್ತು, ಅದರ ಹಿಂದೆಯೇ ಒಂದು ಕೆಮ್ಮು. ಮೇಡಂ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ಅವರಿಗೆ ಕೊಡೂದ ಬ್ಯಾಡ್ರಿ ಸರ್," ಎಂದರು.

ಆಡಳಿತಾಧಿಕಾರಿಗಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಅಂದು ಮಾಡಿದ್ದು ಸರಿಯೇ, ಅಷ್ಟು ಜನ ನಿಂತಿದ್ದರು, ತಾಂತ್ರಿಕ ತೊಂದರೆ ಎಂದು ಫೋನಿನಲ್ಲಿ ತಿಳಿಸಿ ಕ್ಷಮೆ ಕೇಳಿದರೆ ಸಾಕು ಎಂದರು. ಅವರು ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಯಾಕೆಂದರೆ ತಿರುಗಿಸಿದ್ದು ನನ್ನನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಕಾಡುತ್ತಿದ್ದದ್ದು ಅದಾದ ಮೇಲಿನ ಮಧ್ಯಾಹ್ನ ಮತ್ತು ಸಂಜೆ. ಆ ಖಾನೆಯಲ್ಲಿ ಯಾರು ಯಾರಿದ್ದಾರೆ ಎಂದು ಒಮ್ಮೆ ತೆರೆದು ನೋಡಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ನಿಮ್ಮದೂ ಹಿಂದಕ್ಕೆ ಹೋಗಿದೆ, ನೋಡಿಕೊಳ್ಳಿ ಎಂದಿದ್ದರೆ ಸಾಕಿತ್ತು. ಕಂಡಕ್ಟರ್ ಎರಡನೆಯ ಮಹಡಿಯಲ್ಲೇ ಇದ್ದರು. ದನಿಯೂ ಇತ್ತು. ನಾನು ಅವರ ಮಂಚದ ಮುಂದೆಯೇ ಹಾದುಹೋಗಿದ್ದೆ.

ಫೋನಿನಲ್ಲಿ ಹೇಳುವುದು ಬೇಡ, ಹೋಗಿ ಬರುತ್ತೇನೆ ಎಂದೆ. ಮೇಡಮ್ಮೂ ಬರುತ್ತೇನೆಂದರು. ಒಂದು ರವಿವಾರ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿದೆವು. ಊರಂಚಿನ ಉದ್ಯಮಬಾಗದ ಫೌಂಡ್ರಿಗಳ ಚಿಮಣಿಗಳು ರಜೆಯ ದಿನವೆಂದು ಸುಮ್ಮನಿದ್ದವು. ದೇಸೂರಿನಲ್ಲಿ ತರಕಾರಿ ಬುಟ್ಟಿಯ ಹೆಂಗಸರು ಹತ್ತಿದರು, ಖಾನಾಪುರದಲ್ಲಿ ಇಳಿದರು. ಮೇಡಂ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದವರು ಖಾನಾಪುರ ದಾಟಿದ ಮೇಲೆ ಅಂದರು:

"ಮುಗಿದ ಮ್ಯಾಲ ಒಂದ ಸಲ ಹಚ್ಚಿ ಕೇಳಬೇಕಿತ್ತ್ರಿ ನಾ. ಮಧ್ಯಾಹ್ನಾನರ ತಗದ ನೋಡಬೇಕಿತ್ತು."

"ನಿಮ್ಮದೇನೂ ಇಲ್ರಿ ಇದರಾಗ. ಪೆನ್‌ಡ್ರೈವ್ ಕೇಳಿದ್ರಿ, ನಾ ಬ್ಯಾಡ ಅಂದೆ."

ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಗುಂಜಿಯಲ್ಲಿ ಇಳಿದು, ಭತ್ತ ಕೊಯ್ದು ಬರೀ ಕೂಳೆ ಉಳಿದಿದ್ದ ಗದ್ದೆಗಳ ಬದಿಯಲ್ಲಿ ನಡೆದೆವು. ಗದ್ದೆ ಮುಗಿಯುವಲ್ಲಿ ಕಾಡು ಶುರುವಾಗುತ್ತಿತ್ತು. ಮನೆ ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಕೆಂಪು ಕಲ್ಲಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ. ಕಂಡಕ್ಟರರ ಹೆಂಡತಿ ನಮ್ಮನ್ನು ದೂರದಿಂದಲೇ ಕಂಡು ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದರು. ಮುಖ ಅರಳಿತ್ತು.

"ಬರ್ರಿ ಬಾಯಾರ, ಬರ್ರಿ ಸಾಹೇಬ್ರ. ದನಿ ತಂದೀರೇನ್ರಿ? ಫೋನ್ ಹೊಸಾದು ತಂದ ಇಟ್ಟಾನ್ರಿ ಮಗಾ. ನಿನ್ನಿಂದ ಚಾರ್ಜ್ ಮಾಡಿ ಇಟ್ಟೇವಿ."

ನಾವು ಬರುತ್ತೇವೆಂದು ಮಾತ್ರ ಫೋನಿನಲ್ಲಿ ಹೇಳಿದ್ದೆವು. ಯಾಕೆ ಎಂದು ಹೇಳಿರಲಿಲ್ಲ. ಅವರು ಬೇರೇನು ತಿಳಿದುಕೊಂಡಾರು?

ಕಂಡಕ್ಟರ್ ಒಳಗಿನಿಂದ ಬಂದರು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ತೆಳ್ಳಗಾಗಿದ್ದರು. ಕೈಯಲ್ಲಿ ಮೊಮ್ಮಗಳ ಪಾಟಿ. ಅದರ ಮೇಲೆ ಬಳಪದಿಂದ "ಕುಂದರ್ರಿ" ಎಂದು ಬರೆದು ತೋರಿಸಿದರು. ಕುಳಿತೆವು. ಸೊಸೆ ಚಹ ತಂದಿಟ್ಟು ಹೋದಳು. ನಾನು ಮಾತು ಶುರು ಮಾಡಿದೆ. ಸರ್ವರು, ಖಾನೆ, ಸ್ನ್ಯಾಪ್‌ಶಾಟ್ ಎಂದು ಎರಡು ವಾಕ್ಯ ಹೇಳಿದ್ದೆ. ಕಂಡಕ್ಟರರ ಹೆಂಡತಿ ತಲೆ ಆಡಿಸುತ್ತ, ಇದೆಲ್ಲ ಮುಗಿದ ಮೇಲೆ ದನಿ ಕೊಡುತ್ತಾನೆ ಎಂಬಂತೆ ಕಾಯುತ್ತಿದ್ದರು. ಅದನ್ನು ಕಂಡು ಸರ್ವರಿನ ಮಾತು ಬಿಟ್ಟೆ.

"ಅಕ್ಕಾರ, ಅದು ಉಳದಿಲ್ರಿ," ಎಂದೆ. "ನನ್ನ ಕೈಲೆ ಅಳಸಿ ಹೋಗೇತಿ."

ಅವರಿಗೆ ಕೂಡಲೇ ತಿಳಿಯಲಿಲ್ಲ. ಕಂಡಕ್ಟರಿಗೆ ತಿಳಿಯಿತು. ಪಾಟಿಯ ಮೇಲೆ "ಎಲ್ಲಾ?" ಎಂದು ಬರೆದರು.

"ಮೊದಲನೇ ದಿನದ್ದು ಐತ್ರಿ."

ಅವರು ಮೊದಲ ದಿನ ಏನು ಹೇಳಿದ್ದರೆಂದು ನೆನಪು ಮಾಡಿಕೊಂಡಿರಬೇಕು. ಅಂಗೈಯಿಂದ ಪಾಟಿಯನ್ನು ಒರೆಸಿ ಕಟ್ಟೆಯ ಮೇಲಿಟ್ಟರು. ಎದ್ದು ಚಪ್ಪಲಿ ಮೆಟ್ಟಿ, ನಮ್ಮ ಕಡೆ ನೋಡದೆ, ಮನೆಯ ಹಿಂದೆ ಎಮ್ಮೆ ಕಟ್ಟಿದ್ದ ಕಡೆ ಹೋದರು. ಮೇಡಂ ಎದ್ದು ಎರಡು ಹೆಜ್ಜೆ ಅವರ ಹಿಂದೆ ಹೋದವರು ಅಲ್ಲೇ ನಿಂತರು.

"ಯಾವಾಗ ಹೋತ್ರಿ ಅದು?" ಎಂದು ಹೆಂಡತಿ ಕೇಳಿದರು.

"ಆಪರೇಷನ್ ಹಿಂದಿನ ದಿನಾ. ಮಧ್ಯಾಹ್ನದಾಗ."

"ನಿಮಗ ಅವತ್ತ ಗೊತ್ತಿತ್ತೇನ್ರಿ?"

"ಇಲ್ರಿ. ನೋಡಿದ್ರ ಗೊತ್ತಾಗ್ತಿತ್ತು. ನೋಡಲಿಲ್ಲ."

"ನೋಡಿದ್ರ ಮತ್ತ ಹೇಳಾಕ ಬರ್ತಿತ್ತೇನು ಅವರಿಗೆ?"

"ಬರ್ತಿತ್ತ್ರಿ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳಲಿಲ್ಲ. ಆಮೇಲೆ ನಿಧಾನವಾಗಿ, ನನಗೆ ಹೇಳುವುದಕ್ಕಿಂತ ತಮಗೇ ಹೇಳಿಕೊಳ್ಳುವಂತೆ ಹೇಳಿದರು.

"ಅವತ್ತ ಸಂಜಿಕ ನಾ ಅಂದ್ಯಾರಿ, ಏನರ ಮಾತಾಡ್ರಿ, ನಾಳಿಂದ ಇಲ್ಲಲ್ಲ ಅಂತ. ಅವರು ಅಂದ್ರು, ನಿನಗ ಹೇಳೂದೆಲ್ಲಾ ಕೆಳಗ ಮಶೀನದಾಗ ಹೇಳಿ ಬಂದೇನಿ, ಆಮ್ಯಾಲ ಬೇಕಾದಷ್ಟ ಸಲ ಕೇಳ, ಈಗ ಗಂಟಲಕ್ಕ ಆರಾಮ ಬೇಕು ಅಂತ. ನಾನೂ ಹೌದಂದೆ. ಸುಮ್ಮನ ಕುಂತ್ವಿ ಇಬ್ಬರೂ. ಅವರು ಮಲಗೂತನಾ ಸುಮ್ಮನ ಕುಂತ್ವಿ."

ನಾನು ಆ ದಿನ ಕಿತ್ತಳೆ ಸುಲಿಯುತ್ತಿದ್ದ ಕೈಗಳನ್ನು ನೋಡಿದ್ದೆ. ಆ ಮೌನ ನನ್ನ ಮಶೀನನ್ನು ನಂಬಿ ಬಂದದ್ದೆಂದು ಆಗ ಗೊತ್ತಿರಲಿಲ್ಲ. ಒಂದು ಬೆಳಗಿನ ಫೈಲುಗಳು ಹೋದವೆಂದು ಲೆಕ್ಕ ಹಾಕಿಕೊಂಡು ಹೋದವನಿಗೆ ಅಂಗಳದಲ್ಲಿ ಕುಳಿತಾಗ ತಿಳಿಯಿತು, ಒಂದು ಸಂಜೆಯೂ ಹೋಗಿತ್ತು ಎಂದು. ಅದನ್ನು ನಾನು ಯಾವ ಖಾನೆಯಲ್ಲಿ ಹುಡುಕಲಿ?

ಚಹ ಆರಿತ್ತು. ಕುಡಿಯದೆ ಏಳುವುದು ಸರಿಯಲ್ಲವೆಂದು ಕುಡಿದೆವು. ಹೊರಡುವಾಗ ಕಂಡಕ್ಟರರ ಹೆಂಡತಿ ಅಂಗಳದ ಅಂಚಿನವರೆಗೆ ಬಂದರು, ಮತ್ತೆ ಬರ್ರಿ ಎನ್ನಲಿಲ್ಲ. ಕಂಡಕ್ಟರ್ ಮನೆಯ ಹಿಂದಿನಿಂದ ಬರಲಿಲ್ಲ.

ಆಮೇಲೆ ಏನಾದರೂ ಮಾಡದೆ ನನಗೆ ಕೂರಲು ಆಗಲಿಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ ಕೂಗಿದ ಮನುಷ್ಯ, ಎಲ್ಲಿಯಾದರೂ ದನಿ ಉಳಿದಿರಬೇಕು ಎಂದು ಮೇಡಮ್ಮೇ ಹೇಳಿದರು. ಅವರ ಮಗನಿಗೆ ಫೋನ್ ಮಾಡಿದೆ. ಅವನು ಮೊದಲು ಬಿರುಸಾಗಿಯೇ ಮಾತಾಡಿದ. ಆಮೇಲೆ ಡಿಪೋದಲ್ಲಿ ಅಪ್ಪನ ಜೋಡಿ ಬಹಳ ವರ್ಷ ಗಾಡಿ ಓಡಿಸಿದ ಡ್ರೈವರ್ ಇದ್ದಾರೆ, ಅವರನ್ನು ಕೇಳಿ ಎಂದ. ಕೆಲಸ ಮುಗಿಸಿ ಸಂಜೆ ಸಂಜೆ ಹೋಗಿ ನಾನು ಜನರ ಫೋನುಗಳನ್ನು ಹುಡುಕಿದೆ. ಹೆಚ್ಚಿನವರು ಹಳೆಯ ಫೋನು ಬದಲಿಸುವಾಗ ಎಲ್ಲ ಕಳೆದುಕೊಂಡಿದ್ದರು. ಒಬ್ಬರು ನಿವೃತ್ತಿಯ ದಿನದ ವಿಡಿಯೋ ಕೊಟ್ಟರು. ಅದರಲ್ಲಿ ಬೇರೆಯವರೇ ಭಾಷಣ ಮಾಡುತ್ತಾರೆ, ಕಂಡಕ್ಟರ್ ಹಾರ ಹಾಕಿಕೊಂಡು ಕೈ ಮುಗಿದು, "ಎಲ್ಲಾರಿಗೂ ನಮಸ್ಕಾರ, ಊಟಾ ಮಾಡೇ ಹೋಗ್ರಿ," ಎಂದು ಕುಳಿತುಬಿಡುತ್ತಾರೆ. ಡ್ರೈವರ್ ಬಳಿ ಮೂರು ವಾಯ್ಸ್ ಮೆಸೇಜುಗಳಿದ್ದವು. ಒಂದರಲ್ಲಿ ಹಲಸಿನ ಹಣ್ಣು ತೆಗೆದಿಟ್ಟಿದ್ದೇನೆ, ಬಂದು ಒಯ್ಯಿ ಎನ್ನುತ್ತಾರೆ. ಇನ್ನೊಂದರಲ್ಲಿ ಬರೀ ನಗು, ಯಾವ ಮಾತಿಗೋ. ಮೂರನೆಯದರಲ್ಲಿ, "ಏ ಫೋನ್ ಎತ್ತೋ ಮಾರಾಯಾ, ಎಷ್ಟ ಸಲ ಹಚ್ಚಲಿ," ಎಂದು ಬೈಯುತ್ತಾರೆ. ಆ ಡ್ರೈವರ್ ಫೋನನ್ನು ನನ್ನ ಕೈಗೆ ಕೊಡದೆ, ತಾವೇ ಹಿಡಿದು ಎರಡೆರಡು ಸಲ ಹಚ್ಚಿ ಕೇಳಿಸಿದರು.

ಮೇಡಂ ಅವನ್ನೆಲ್ಲ ಸುತ್ತಲಿನ ಗದ್ದಲ ತೆಗೆದು ಸ್ವಚ್ಛ ಮಾಡಿ ಮಗನಿಗೆ ಕೊಟ್ಟರು. ಮಗ ಫೋನಿಗೆ ಹಾಕಿದ. ಬೈಗುಳದ ಗುಂಡಿಯನ್ನು ಕಂಡಕ್ಟರ್ ಮಗನನ್ನು ಕರೆಯಲು ಬಳಸುತ್ತಾರೆಂದು ಅವನೇ ಹೇಳಿದ. ಅವ್ವ ಏನಂದರು ಎಂದು ಕೇಳಿದೆ. ಅವನು, "ಛಲೋ ಆತಂದ್ಲು. ಆದ್ರ ಇವೆಲ್ಲಾ ಮಂದಿಗೆ ಹೇಳಿದ್ದು, ನನಗ ಹೇಳಿದ್ದು ಒಂದೂ ಇಲ್ಲ ಅಂದ್ಲು," ಎಂದ.

ಆಸ್ಪತ್ರೆಯಲ್ಲಿ ಈಗ ಹಿಂದಿನ ಕಟ್ಟಡದಲ್ಲಿ ಇನ್ನೊಂದು ಪೆಟ್ಟಿಗೆ ಇದೆ. ಪ್ರತಿ ಮಶೀನಿನ ನಕಲು, ಬರವಣಿಗೆ ಅರ್ಧದಲ್ಲಿ ಇಲ್ಲದ ಹೊತ್ತು ನೋಡಿ, ಬೇರೆ ಬೇರೆಯಾಗಿ ಅಲ್ಲಿಗೆ ಹೋಗುತ್ತದೆ. ಒಂದನ್ನು ತರಬೇಕಾದರೆ ಅದೊಂದನ್ನೇ ತರಬಹುದು. ಈ ಸಲ ನಾನು ಕೇಳುವುದನ್ನು ಬಿಡಲಿಲ್ಲ, ಆಡಳಿತದವರಿಗೆ ಒಪ್ಪಿಗೆ ಕೊಡದೆ ಗತ್ಯಂತರ ಇರಲಿಲ್ಲ. ಸ್ನ್ಯಾಪ್‌ಶಾಟುಗಳೂ ಇವೆ, ಸಣ್ಣಪುಟ್ಟದಕ್ಕೆ ಅವು ಒಳ್ಳೆಯವೇ. ಆದರೆ ಏನನ್ನಾದರೂ ಹಿಂದಕ್ಕೆ ತಿರುಗಿಸಿದ ದಿನ ನಾನು ಗುಂಪಿಗೆ ಬರೆಯುವುದಿಲ್ಲ. ಒಬ್ಬೊಬ್ಬರ ಟೇಬಲ್ಲಿಗೂ ಹೋಗಿ, ತೆಗೆದು ನೋಡ್ರಿ, ನಾನು ಇಲ್ಲೇ ನಿಂತಿರತೀನಿ ಎನ್ನುತ್ತೇನೆ. ಕೆಲವರಿಗೆ ಕಿರಿಕಿರಿಯಾಗುತ್ತದೆ. ಮನೆಯಲ್ಲಿ ನನ್ನ ಹೆಂಡತಿ, ಗ್ಯಾಸ್ ಬಂದ್ ಮಾಡೇನಿ ಅಂದ್ರೂ ಯಾಕ ಹೋಗಿ ನೋಡ್ತೀರಿ ಎಂದು ಕೇಳುತ್ತಾಳೆ. ಉತ್ತರ ಹೇಳಲು ಹೋದರೆ ಉದ್ದ ಆಗುತ್ತದೆಂದು ಎದ್ದು ಹೋಗಿ ನೋಡಿಯೇ ಬರುತ್ತೇನೆ.

ಕಂಡಕ್ಟರರಿಗೆ ಆಮೇಲೆ ಗಂಟಲಿನಲ್ಲಿ ಒಂದು ಸಣ್ಣ ಕವಾಟ ಕೂರಿಸಿದರು. ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಒಂಥರ ದನಿ ಬರುತ್ತದೆ. ಮೊದಲಿನದಲ್ಲ, ಯಾರದೂ ಅಲ್ಲದ ದನಿ. ಮೇಡಂ ತಿಂಗಳುಗಟ್ಟಲೆ ಕಲಿಸಿದರು. ಕಂಡಕ್ಟರ್ ಬಂದ ದಿನ ನಾನು ಕೆಳಮಹಡಿಗೆ ಇಳಿಯುತ್ತಿರಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ.

ಹೋದ ಸಲದ ತಪಾಸಣೆಗೆ ಬಂದಾಗ ಎದುರಾಗಲೇಬೇಕಾಯಿತು. ಮೇಡಮ್ಮಿನ ಕೋಣೆಯ ಕಂಪ್ಯೂಟರು ಕೆಟ್ಟು, ನಾನು ಕೈಯಲ್ಲಿ ಹೊಸ ಕಂಪ್ಯೂಟರಿನ ಡಬ್ಬ ಹಿಡಿದು ಒಳಗೆ ಹೋಗುವ ಹೊತ್ತಿಗೆ ಗಂಡ ಹೆಂಡತಿ ಹೊರಗೆ ಬರುತ್ತಿದ್ದರು. ಹೆಂಡತಿ ನಿಂತು, ಆರಾಮ ಏನ್ರಿ ಎಂದರು. ಹೂಂ ಎಂದೆ. ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ಅಕ್ಕಾರ, ಅವತ್ತ ಹೇಳಿದ್ದನ್ನ ಮತ್ತ ಹೇಳಿದ್ರೇನ್ರಿ ನಿಮಗ?"

"ಹೇಳ್ಯಾರ್ರಿ," ಎಂದರು. "ಆ ದನ್ಯಾಗ ಕೇಳಬೇಕಿತ್ತ್ರಿ ನಾ."

ಅಷ್ಟರಲ್ಲಿ ಕಂಡಕ್ಟರ್ ಬೆರಳನ್ನು ಕುತ್ತಿಗೆಗೆ ಒತ್ತಿ ನನ್ನ ಕಡೆ ನೋಡಿ ಏನೋ ಹೇಳಿದರು. ನನಗೆ ತಿಳಿಯಲಿಲ್ಲ. ಇಷ್ಟು ದಿನ ಅವರು ಹೇಳಬಹುದಾದ ಮಾತುಗಳನ್ನೆಲ್ಲ ನಾನೇ ಅವರ ಪರವಾಗಿ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಬೈಗುಳ, ಶಾಪ, ಹೋಗಲಿ ಬಿಡು ಎಂಬ ಮಾತು ಕೂಡ.

"ಇನ್ನೊಮ್ಮೆ ಹೇಳ್ರಿ," ಎಂದೆ.

ಅವರು ಮತ್ತೆ ಉಸಿರು ಎಳೆದುಕೊಂಡು, ಮತ್ತೆ ಬೆರಳು ಒತ್ತಿ ಅದನ್ನೇ ಹೇಳಿದರು. ಈ ಸಲವೂ ನನಗೆ ಅರ್ಥವಾಗಲಿಲ್ಲ. ಹೆಂಡತಿಯ ಮುಖ ನೋಡಿದೆ.

"ಬಸ್ಸಿಗೆ ಹೊತ್ತಾತು, ದಾರಿ ಬಿಡ್ರಿ ಅಂತಾರ," ಎಂದರು ಅವರು.

ನಾನು ಬಾಗಿಲಿನ ಪೂರ್ತಿ ಅಗಲಕ್ಕೆ ಡಬ್ಬ ಹಿಡಿದು ನಿಂತಿದ್ದೆ. ಪಕ್ಕಕ್ಕೆ ಸರಿದೆ. ಇಬ್ಬರೂ ಹೊರಗೆ ಹೋದರು.